ಹೂಜಿಯೊಳಗಿನ ಹುಲ್ಲು

ಆ ಕುಂಬಾರರ ಮನೆಯಲ್ಲಿ ಒಂದು ರಟ್ಟಿನ ಪೆಟ್ಟಿಗೆ ಕಟ್ಟುವುದೇ ದೊಡ್ಡ ಜಗಳವಾಗಿ ಕೂತಿತ್ತು. ಮರುದಿನ ಮಗ, ಸೊಸೆ ವಿಮಾನ ಹತ್ತಬೇಕು. ಹೊರದೇಶದ ದೊಡ್ಡ ಹೋಟೆಲಿನವರು ಇವರ ಹೂಜಿ, ಬಟ್ಟಲುಗಳ ಫೋಟೊ ನೋಡಿ, ಮಾದರಿ ತಂದು ತೋರಿಸಿ ಎಂದಿದ್ದರು. ಅವರು ಒಪ್ಪಿದರೆ ಮಡಕೆ ಸುಡುವ ಆವಿಗೆಯ ಬೆಂಕಿ ಆರುವುದಿಲ್ಲ. ಒಪ್ಪದಿದ್ದರೆ ಮಗ ಮಡಕೆ ಮಾಡುವ ತಿಗರಿ ಬಿಟ್ಟು ಹೆಂಚಿನ ಕಾರ್ಖಾನೆಗೆ ಕೂಲಿಗೆ ಹೋಗುವುದು ಎಂದು ಆಗಲೇ ಮಾತಾಗಿತ್ತು.

ಮಾವ ಹಿತ್ತಲಿನಿಂದ ಒಂದು ತಬ್ಬು ಒಣಹುಲ್ಲು ತಂದು ಪೆಟ್ಟಿಗೆಯ ಪಕ್ಕ ಸುರಿದರು.

"ಮಾವ, ಹುಲ್ಲು ಬೇಡ. ನರ್ಸಕ್ಕ ಹೇಳಿದ್ದಾರೆ," ಎಂದಳು ಸೊಸೆ.

"ನರ್ಸಕ್ಕ ಸೂಜಿ ಚುಚ್ಚಲಿ. ಮಡಕೆ ಕಟ್ಟೋದು ನಂಗೊತ್ತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ! ಹುಲ್ಲಿಲ್ದೆ ಹೋದ ಮಡಕೆ ಸೇತುವೇನೇ ದಾಟಲ್ಲ, ಇನ್ನು ಸಮುದ್ರ ದಾಟುತ್ತಾ?"

ಅಷ್ಟರಲ್ಲಿ ನರ್ಸಕ್ಕನೇ ಬಂದಳು. ಪಕ್ಕದ ಮನೆಯವಳು, ಹೊರದೇಶದ ಆಸ್ಪತ್ರೆಗಳಲ್ಲಿ ವರ್ಷಗಟ್ಟಲೆ ದುಡಿದು ಬಂದವಳು.

"ದೊಡ್ಡಪ್ಪ, ಹುಲ್ಲಲ್ಲಿ ಬೀಜ ಇರುತ್ತೆ, ಹುಳದ ಮೊಟ್ಟೆ ಇರುತ್ತೆ. ಅದ್ರಿಂದ ತಮ್ಮ ಬೆಳೆಗೆ ರೋಗ ಬಂದ್ರೆ ಅಂತ ಅಲ್ಲಿನವ್ರಿಗೆ ಭಯ. ಆ ದೇಶದ ಸುಂಕದವರ ವೆಬ್‌ಸೈಟಲ್ಲೇ ಹಾಕಿದ್ದಾರೆ. ನಾನೂ ನಿಮ್ಮ ಸೊಸೆನೂ ಕೂತು ಓದಿದ್ವಿ. ಹುಲ್ಲು, ಬೀಜ, ಹಸಿಮಣ್ಣು ಯಾವ್ದೂ ಕೂಡದು."

"ಮಡಕೆ ಏನು, ಬೆಳ್ಳೀಲಿ ಮಾಡಿದ್ದಾ? ಅದೂ ಮಣ್ಣೇ ತಾನೆ?"

"ಸುಟ್ಟಾಯ್ತಲ್ಲ ದೊಡ್ಡಪ್ಪ. ಬೆಂಕಿ ದಾಟಿ ಬಂದಿದ್ದಕ್ಕೆ ಅಡ್ಡಿಯಿಲ್ಲ."

ಮಾವ ಹುಲ್ಲನ್ನು ಪಕ್ಕಕ್ಕೆ ಸರಿಸಿದರು. ಮುಖ ಊದಿಸಿಕೊಂಡು ಗೋಡೆಗೆ ಒರಗಿ ಕೂತರು.

ನರ್ಸಕ್ಕನ ಕಣ್ಣು ಮಗನ ಕೈಯಲ್ಲಿದ್ದ ಡಬ್ಬಿಯ ಮೇಲೆ ಬಿತ್ತು. ತನ್ನ ಬಿಪಿ ಮಾತ್ರೆಗಳನ್ನೆಲ್ಲ ಪಟ್ಟಿಯಿಂದ ಬಿಡಿಸಿ ಅದರಲ್ಲಿ ತುಂಬಿದ್ದ.

"ಇದೇನಪ್ಪ, ಪೆಪ್ಪರ್‌ಮೆಂಟಾ? ಯಾರಾದ್ರೂ ಕೇಳಿದ್ರೆ ಏನಂತ ತೋರಿಸ್ತೀಯ? ಬಿಡಿಸದೆ ಹಾಗೇ ಇರ್ಲಿ, ಡಾಕ್ಟರ ಚೀಟಿ ಸಮೇತ, ಕೈಚೀಲದಲ್ಲಿ. ವೀಸಾ ವ್ಯಾಪಾರದ್ದೇ ತಾನೆ? ಊರು ನೋಡೋ ವೀಸಾದಲ್ಲಿ ಹೋಗಿ ಸಿಕ್ಕಾಕ್ಕೋಬೇಡಿ. ಪಾಸ್‌ಪೋರ್ಟಿನ ನಕಲು ನಿಂದು ಅವಳ ಹತ್ರ, ಅವಳ್ದು ನಿನ್ನ ಹತ್ರ."

"ವಿಳಾಸ, ನಂಬರು ಎಲ್ಲ ಮೊಬೈಲಲ್ಲಿದೆ ಅಕ್ಕ," ಎಂದ ಅವನು ಹೆಮ್ಮೆಯಿಂದ.

"ಅಲ್ಲಿ ಇಳಿದ ತಕ್ಷಣ ಮೊಬೈಲಿಗೆ ಜೀವ ಇರುತ್ತೆ ಅಂತ ಯಾರು ಹೇಳಿದ್ರು? ಕಾಗದದ ಮೇಲೂ ಇರ್ಲಿ, ಆ ದೇಶದ ಅಕ್ಷರದಲ್ಲೂ ಇರ್ಲಿ." ಹೊಸಿಲಲ್ಲಿ ನಿಂತು ಅವಳು ಇನ್ನೊಂದು ಮಾತು ಹೇಳಿದಳು: "ಸಾಮಾನಿನ ಬಗ್ಗೆ ಅನುಮಾನ ಬಂದ್ರೆ ಸುಂಕದವ್ರ ಹತ್ರ ನೀವೇ ಮೊದ್ಲು ಬಾಯಿಬಿಡಿ. ನೀವು ಹೇಳಿದ್ರೆ ಅದು ಬರೀ ತಪ್ಪು. ಅವ್ರೇ ಹುಡುಕಿದ್ರೆ ಅದು ಕಳ್ಳತನ."

ಸೊಸೆ ಒಂದೊಂದು ಪಾತ್ರೆಯನ್ನೂ ಕಾಗದ, ಹಳೇ ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಗಿಟ್ಟಳು. ಅಂಟುಪಟ್ಟಿ ತರಲು ಅವಳು ಒಳಗೆ ಹೋದದ್ದೇ ತಡ, ಮಾವ ಎದ್ದರು. ಪೆಟ್ಟಿಗೆಯಲ್ಲಿದ್ದ ದೊಡ್ಡ ಹೂಜಿಯೊಳಗೆ ಎರಡು ಹಿಡಿ ಹುಲ್ಲು ತುರುಕಿದರು, ಅದರ ಹೊರಗೂ ಒಂದಿಷ್ಟು ಸಿಕ್ಕಿಸಿದರು, ಮೇಲೆ ಕಾಗದ ಮುಚ್ಚಿದರು. ಕೆಟ್ಟ ಬುದ್ಧಿಯಿಂದಲ್ಲ, ಬರೀ ಅಕ್ಕರೆಯಿಂದ. ಆದರೆ ಅಕ್ಕರೆಗೆ ಸುಂಕದ ಕಟ್ಟೆಯಲ್ಲಿ ರಿಯಾಯಿತಿ ಇಲ್ಲವಲ್ಲ!

ಸೊಸೆ ಬಂದು ಒಳಗೆ ನೋಡದೆಯೇ ಅಂಟುಪಟ್ಟಿ ಹಚ್ಚಿದಳು. ಆ ದೇಶದಲ್ಲಿ ಇಳಿದು ಸಾಮಾನಿಗೆ ಕಾಯುತ್ತಿದ್ದಾಗ ಪೆಟ್ಟಿಗೆ ಸಾಗುಪಟ್ಟಿಯ ಮೇಲೆ ಬಂತು. ಒಂದು ಮೂಲೆ ಹರಿದಿತ್ತು. ಹರಿದ ಕಡೆಯಿಂದ ಒಂದು ಹುಲ್ಲುಕಡ್ಡಿ ಇಣುಕುತ್ತಿತ್ತು.

ಸೊಸೆ ಬಗ್ಗಿ ನೋಡಿದಳು. ಅದು ಯಾರ ಕೈಕೆಲಸ ಎಂದು ಕೇಳುವುದೇ ಬೇಕಿರಲಿಲ್ಲ. ವಿಮಾನದಲ್ಲಿ ಕೊಟ್ಟ ಸುಂಕದ ಚೀಟಿಯಲ್ಲಿ, ಗಿಡಮರಕ್ಕೆ ಸೇರಿದ್ದು ಏನೂ ಇಲ್ಲ ಎಂದು ಅವಳೇ ಗುರುತು ಹಾಕಿ ಸಹಿ ಮಾಡಿದ್ದಳು.

"ಕಿತ್ತು ಜೇಬಿಗೆ ಹಾಕ್ಕೊ," ಎಂದು ಗಂಡ ಪಿಸುಗುಟ್ಟಿದ. "ಎಲ್ರೂ ಹೋಗ್ತಿದ್ದಾರಲ್ಲ, ಸುಮ್ನೆ ನಡಿ."

"ಒಳಗೆ ಇನ್ನೆಷ್ಟು ತುಂಬಿದ್ದಾರೋ ಯಾರಿಗ್ಗೊತ್ತು?"

"ಹೇಳಿದ್ರೆ ಪೆಟ್ಟಿಗೇನೇ ಕಿತ್ಕೋತಾರೆ. ಆಮೇಲೆ ಹೋಟೆಲಿನವ್ರಿಗೆ ಏನು, ನಮ್ಮ ಮುಖ ತೋರಿಸೋದಾ?"

ಎದುರಿಗೆ ಒಬ್ಬ ಸಿಬ್ಬಂದಿ ನಾಯಿ ಹಿಡಿದು ಬರುತ್ತಿದ್ದ. ನಾಯಿ ಒಂದೊಂದೇ ಚೀಲ ಮೂಸುತ್ತಿತ್ತು. ಸೊಸೆ ಲೆಕ್ಕ ಹಾಕಿದಳು. ಹೇಳಿದರೆ ಮಡಕೆ ಹೋಗಬಹುದು. ಹೇಳದೆ ಸಿಕ್ಕಿಬಿದ್ದರೆ ಮಡಕೆಯೂ ಹೋಯಿತು, ಮಾನವೂ ಹೋಯಿತು. ಅವಳು ಗಾಡಿ ತಿರುಗಿಸಿ ಸೀದಾ ಅಧಿಕಾರಿಯ ಮೇಜಿಗೇ ಹೋದಳು. ಬಂದಷ್ಟು ಇಂಗ್ಲಿಷಿನಲ್ಲಿ, ಉಳಿದದ್ದು ಕೈಸನ್ನೆಯಲ್ಲಿ, ಚೀಟಿ ತಪ್ಪಾಗಿದೆ, ಒಳಗೆ ಹುಲ್ಲಿದೆ ಎಂದಳು.

ಅಧಿಕಾರಿ ನಗಲೂ ಇಲ್ಲ, ಗದರಲೂ ಇಲ್ಲ. ಪೆಟ್ಟಿಗೆ ಎತ್ತಿಕೊಂಡು ಒಳಗೆ ಹೋದ. ಬಾಗಿಲು ಮುಚ್ಚಿತು.

ಹೋಟೆಲಿನವರು ಹೇಳಿದ ಹೊತ್ತು ಹತ್ತಿರವಾಗುತ್ತಿತ್ತು. ಗಂಡ ಮೊಬೈಲ್ ತೆಗೆದ. ಸಿಗ್ನಲ್ ಇಲ್ಲ. "ನೀನು ಬಾಯಿಬಿಟ್ಟೆ, ನಾವು ಕೆಟ್ವಿ," ಎಂದು ತಲೆ ಮೇಲೆ ಕೈ ಹೊತ್ತು ಕೂತ. ಸೊಸೆಗೆ ಅಳು ಬಂತು. ಆದರೂ ವಿಳಾಸ, ನಂಬರು ಬರೆದಿದ್ದ ಕಾಗದ ಹಿಡಿದು ವಿಚಾರಣೆಯ ಕಿಟಕಿಗೆ ಹೋದಳು. ಅಲ್ಲಿದ್ದ ಹೆಂಗಸು ನಂಬರು ನೋಡಿ ತಾನೇ ಹೋಟೆಲಿಗೆ ಫೋನ್ ಮಾಡಿ, ಇವರು ತಡವಾಗುತ್ತಾರೆಂದು ತಿಳಿಸಿದಳು. ಸಂಜೆವರೆಗೆ ಕಾಯುತ್ತೇವೆ, ಅದಕ್ಕಿಂತ ಹೆಚ್ಚು ಆಗದು ಎಂದು ಆ ಕಡೆಯಿಂದ ಉತ್ತರ ಬಂತು.

ಕೊನೆಗೂ ಬಾಗಿಲು ತೆರೆಯಿತು. ಅಧಿಕಾರಿ ಪೆಟ್ಟಿಗೆ ತಂದಿಟ್ಟ. ಹುಲ್ಲನ್ನು ಸುಡಲು ಕಳಿಸಿದ್ದಾಗಿದೆ, ಪಾತ್ರೆಗಳನ್ನು ಒಯ್ಯಬಹುದು ಎಂದ. ಹೇಳದೆ ದಾಟಿದ್ದರೆ ದಂಡ ಬೀಳುತ್ತಿತ್ತು, ಪಾತ್ರೆಯೂ ಸಿಗುತ್ತಿರಲಿಲ್ಲ ಎಂದೂ ಹೇಳಿದ. ಟ್ಯಾಕ್ಸಿಯವನಿಗೆ ಅವನ ಅಕ್ಷರದಲ್ಲೇ ಬರೆದ ವಿಳಾಸ ತೋರಿಸಿದರು. ದಾರಿಯುದ್ದಕ್ಕೂ ಗಂಡ ಹೂಜಿಯನ್ನು ತೊಡೆಯ ಮೇಲೆ ಕೂಸಿನಂತೆ ಹಿಡಿದು ಕೂತಿದ್ದ.

ಆ ಸಂಜೆ ಮನೆಗೆ ಫೋನ್ ಬಂತು.

"ಮಾವ, ಆವಿಗೆಗೆ ಸೌದೆ ಹೊಂದಿಸಿ. ಒಪ್ಪಿದ್ರು!"

ಮಾವ ಕೇಳಿದ್ದು ಒಂದೇ: "ಹೂಜಿ ಒಡೀಲಿಲ್ವಾ?"

"ಇಲ್ಲ ಮಾವ. ಕಾಗದ, ಬಟ್ಟೆ ಸುತ್ತಿದ್ದ ಬಟ್ಟಲುಗಳಲ್ಲೂ ಒಂದೂ ಒಡೀಲಿಲ್ಲ. ನಿಮ್ಮ ಹುಲ್ಲು ಮಾತ್ರ ಎಲ್ಲಾನೂ ಕಳೆದುಬಿಡ್ತಿತ್ತು." ನಡೆದದ್ದನ್ನೆಲ್ಲ ಅವಳು ಹೇಳಿದಳು.

ಮುದುಕ ಫೋನ್ ಇಟ್ಟು ಪಕ್ಕದ ಮನೆಗೆ ನಡೆದರು. "ನರ್ಸಕ್ಕಾ," ಎಂದರು ತಲೆ ತಗ್ಗಿಸಿ, "ಹೊರದೇಶದ ಪೆಟ್ಟಿಗೆ ಹ್ಯಾಗೆ ಕಟ್ಟೋದು ಅಂತ ನಂಗೂ ಹೇಳ್ಕೊಡಮ್ಮ."

ಹೊರದೇಶಕ್ಕೆ ವ್ಯಾಪಾರಕ್ಕೆ ಹೊರಟ ಅಕ್ಕಂದಿರೇ, ಅಣ್ಣಂದಿರೇ, ಆ ದೇಶ ಏನನ್ನು ಒಳಗೆ ಬಿಡುತ್ತದೆ, ಏನನ್ನು ಬಿಡುವುದಿಲ್ಲ ಎಂದು ಮೊದಲೇ ಓದಿಕೊಳ್ಳಿ, ಓದಲು ಬಾರದಿದ್ದರೆ ಓದಿಸಿಕೊಳ್ಳಿ. ಪೆಟ್ಟಿಗೆ ನೀವೇ ಕಟ್ಟಿ. ಕಟ್ಟಿದ್ದನ್ನು ಬಿಟ್ಟು ಆಚೀಚೆ ಹೋಗಿದ್ದರೆ, ಮುಚ್ಚುವ ಮುಂಚೆ ಹೂಜಿಯೊಳಗೆ ಇನ್ನೊಮ್ಮೆ ಕೈ ಹಾಕಿ ನೋಡಿ. ಅದರಲ್ಲಿ ನಿಮ್ಮ ಮಾವನ ಅಕ್ಕರೆ ಇದ್ದೀತು. ಅದನ್ನು ಮನೆಯಲ್ಲೇ ಬಿಟ್ಟು ಹೋಗಿ. ನೀವು ಗೆದ್ದು ಬರುವವರೆಗೆ ಅದು ಅಲ್ಲೇ ಕಾದಿರುತ್ತದೆ.