ಬಂದ ಗುರುತು ಇರಬಾರದು

ಬಡಗಿ ತೀರಿಕೊಂಡು ನಾಲ್ಕು ತಿಂಗಳಾದ ಮೇಲೆ ಅವನ ಹೆಂಡತಿ ವ್ಯಾನನ್ನು ಹೊರಗೆ ತೆಗೆದಳು. ಪಕ್ಕದಲ್ಲಿ ನಾದಿನಿ. ಮಲಗುವ ಮಂಚ, ಒಲೆಯಿಡುವ ಕಟ್ಟೆ, ಬಟ್ಟೆಯ ಕಪಾಟು ಎಲ್ಲವನ್ನೂ ಬಡಗಿ ಕೈಯಾರೆ ಕೂರಿಸಿದ್ದ ಹಳೆಯ ವ್ಯಾನು ಅದು. ಹನ್ನೆರಡು ವರ್ಷ ಗಂಡ ಹೆಂಡತಿ ಇಬ್ಬರೇ, ವರ್ಷಕ್ಕೊಮ್ಮೆ ಒಂದು ಕೆರೆಯ ದಂಡೆಗೆ ಹೋಗಿ ಒಂದಿರುಳು ಅದರಲ್ಲೇ ತಂಗಿ ಬರುತ್ತಿದ್ದರು.

ಬಯಲಲ್ಲಿ ತಂಗುವುದಕ್ಕೆ ಬಡಗಿಯ ಬಳಿ ದೊಡ್ಡ ಶಾಸ್ತ್ರವೇ ಇತ್ತು. ಹೊತ್ತು ಮುಳುಗುವಾಗ ಬರಬೇಕು, ಬಿಸಿಲೇರುವ ಮುಂಚೆ ಜಾಗ ಖಾಲಿ ಮಾಡಬೇಕು. ಬೆಂಕಿ ಹಾಕಕೂಡದು. ಪಾತ್ರೆ ತೊಳೆದ ನೀರನ್ನೂ ಕ್ಯಾನಿಗೆ ತುಂಬಿ ಮನೆಗೆ ತರಬೇಕು. ಹುಲ್ಲು ಸಾಯಬಾರದೆಂದು ಒಂದು ವರ್ಷ ನಿಲ್ಲಿಸಿದಲ್ಲಿ ಮರುವರ್ಷ ನಿಲ್ಲಿಸುವಂತಿಲ್ಲ. ಚಕ್ರಕ್ಕೆ ಒತ್ತು ಕೊಟ್ಟ ಕಲ್ಲನ್ನು ಎತ್ತಿದಲ್ಲೇ ಇಡಬೇಕು, ಅದೂ ಪಾಚಿ ಮೇಲೆ ಬರುವಂತೆ! ಕೊನೆಗೆ ಅವಳು ವ್ಯಾನನ್ನು ರಸ್ತೆಗೆ ಹತ್ತಿಸಿ ಕಾಯುತ್ತಿದ್ದರೆ, ಅವನು ಉದ್ದ ಹಿಡಿಯ ಪೊರಕೆಯಿಂದ ಚಕ್ರದ ಗುರುತು, ಹೆಜ್ಜೆಯ ಗುರುತು ಗುಡಿಸುತ್ತ ಹಿಂದುಹಿಂದಕ್ಕೆ ನಡೆದು ಬರುತ್ತಿದ್ದ. ನಾದಿನಿ ಅಣ್ಣನಿಗೆ ಇಟ್ಟ ಹೆಸರೇ ಪೊರಕೆರಾಯ.

"ನಾವು ಬಂದಿದ್ದು ನೆಲಕ್ಕೂ ಗೊತ್ತಾಗ್ಬಾರ್ದು ಕಣೇ," ಅನ್ನುತ್ತಿದ್ದ. ಫೋಟೊ ತೆಗೆಯಲೂ ಬಿಡುತ್ತಿರಲಿಲ್ಲ. "ನೀನೊಂದು ಫೋಟೊ ತೋರ್ಸು, ನಾಳೆ ನೂರು ಜನ ಬಂದು ಇಲ್ಲಿ ಕಸ ಹಾಕ್ತಾರೆ."

ಸಹವಾಸದೋಷ, ಅವಳಿಗೂ ಆ ಚಾಳಿ ಅಂಟಿತ್ತು. ಅದೇ ಮುಳುವಾಯಿತು. ಬಡಗಿ ಕೆಲಸದ ಕೊಟ್ಟಿಗೆಯಲ್ಲಿ ಎದೆ ಹಿಡಿದುಕೊಂಡು ಕುಸಿದ ಆ ವಾರ, ದಿಕ್ಕು ತೋಚದೆ, ಕೈಗೆ ಗೊತ್ತಿದ್ದ ಕೆಲಸ ಮಾಡಿದಳು. ಅವನ ಅಂಗಿ, ದಿಂಬಿನ ಚೀಲ, ಹೊದಿಕೆ, ಚಹಾದ ಲೋಟ ಎಲ್ಲವನ್ನೂ ತಿಕ್ಕಿ ತೊಳೆದಳು. ವ್ಯಾನಿನ ಕನ್ನಡಿಯ ಮೇಲಿದ್ದ ಬೆರಳಿನ ಗುರುತನ್ನೂ ಬಿಡಲಿಲ್ಲ. ಅವನ ಒಂದು ಅಂಗಿಯನ್ನಾದರೂ ಮೂಸಿ ನೋಡಬೇಕೆನ್ನಿಸಿದ ದಿನ, ಕಪಾಟಿನ ತುಂಬ ಸೋಪಿನ ವಾಸನೆ. ತನ್ನ ಕೈಗಳನ್ನೇ ಶಪಿಸಿಕೊಂಡಳು. ಇನ್ನುಳಿದಿದ್ದು ಕೆರೆಯ ದಂಡೆಯೊಂದೇ. ಅಲ್ಲಿ ಅವನದೊಂದು ಗುರುತು ಇದ್ದೀತು, ಅವನನ್ನು ಕಂಡವರು ಒಬ್ಬರಾದರೂ ಸಿಕ್ಕಾರು ಎಂಬ ಆಸೆಯಿಂದಲೇ ಹೊರಟಿದ್ದಳು.

ಸಂಜೆ ಇಬ್ಬರೂ ಕತ್ತಲಾಗುವವರೆಗೆ ಹುಡುಕಿದರು. ಕಲ್ಲು ಕಲ್ಲಿನ ಜಾಗದಲ್ಲಿತ್ತು, ಹುಲ್ಲು ಹುಲ್ಲಿನ ಜಾಗದಲ್ಲಿ. ಒಂದು ಮೊಳೆಯೂ ಸಿಗಲಿಲ್ಲ.

ಬೆಳಗ್ಗೆ ಬಿಸಿಲೇರಿದ ಮೇಲೆ ಕುರಿ ಹೊಡೆದುಕೊಂಡು ಮುದುಕಿಯೊಬ್ಬಳು ಬಂದಳು. ಬಡಗಿಯ ಹೆಂಡತಿ ಓಡಿಹೋಗಿ ಕೇಳಿದಳು: "ಅಜ್ಜೀ, ವರ್ಷಕ್ಕೊಂದ್ಸಲ ಇಲ್ಲಿ ಇದೇ ಬಿಳಿ ವ್ಯಾನ್ ಬರ್ತಿತ್ತು, ನೋಡಿದೀರಾ? ಎತ್ತರದ ಆಳು, ಕೈಯಲ್ಲಿ ಪೊರಕೆ."

"ಇಲ್ವಲ್ಲಮ್ಮ. ಆ ಕಡೆ ದಂಡೇಲಿ ತಂಗ್ತಾರೆ, ಬಾಟ್ಲಿ, ಬೂದಿ, ಗಲೀಜು ಮಾಡಿಟ್ಟು ಹೋಗ್ತಾರೆ. ಈ ಕಡೆ ಯಾರೂ ತಂಗಿದ್ದೇ ಇಲ್ಲ."

"ಒಂದ್ಸಲಾನೂ?"

"ಮೂವತ್ತು ವರ್ಷದಿಂದ ದಿನಾ ಇಲ್ಲೇ ಬರ್ತೀನಿ. ತಂಗಿದ್ರೆ ನಂಗೆ ಗೊತ್ತಾಗ್ತಿರ್ಲಿಲ್ವಾ?"

ಕುರಿಗಳು ದಾಟಿಹೋದವು. "ಅಣ್ಣ ಇದನ್ನ ಕೇಳಿದ್ರೆ ಕುಣಿದಾಡ್ಬಿಡ್ತಿದ್ದ," ಎಂದಳು ನಾದಿನಿ. ಇಬ್ಬರಿಗೂ ನಗು ಬಂತು. ನಗುತ್ತಲೇ ಅವಳು ವ್ಯಾನಿನ ಮೆಟ್ಟಿಲ ಮೇಲೆ ಕುಕ್ಕರಿಸಿ, ಬಿಕ್ಕಿ ಬಿಕ್ಕಿ ಅತ್ತಳು.

ನಾದಿನಿ ಬೆನ್ನು ಸವರಿದಳು. ಆಮೇಲೆ ಅಂದಳು: "ಇಲ್ಲೇ ಒಂದು ಮರದ ಮೇಲೆ ಅಣ್ಣನ ಹೆಸರು ಕೆತ್ತೋಣ ಅತ್ತಿಗೆ."

"ಎದ್ದು ಬಂದು ಬೈತಾರೆ."

"ಬರ್ಲಿ. ನಮಗೆ ಬೇಕಾಗಿರೋದೂ ಅದೇ ಅಲ್ವಾ?"

ಆದರೂ ಅವಳಿಗೆ ಕೆತ್ತಲು ಮನಸ್ಸಾಗಲಿಲ್ಲ. "ವ್ಯಾನನ್ನ ನೀನು ರಸ್ತೆಗೆ ಹತ್ತಿಸು," ಎಂದು ಮಂಚದಡಿಯಿಂದ ಪೊರಕೆ ಎಳೆದುಕೊಂಡಳು.

ಈ ಪೊರಕೆಯನ್ನು ಅವಳು ಒಮ್ಮೆಯೂ ಹಿಡಿದಿರಲಿಲ್ಲ. ಅದರ ಹಿಡಿಯನ್ನು ಬಡಗಿ ತನ್ನ ಎತ್ತರಕ್ಕೆ ತಕ್ಕಂತೆ ಮಾಡಿಕೊಂಡಿದ್ದ, ದಿನಾ ಕೊಟ್ಟಿಗೆ ಗುಡಿಸುತ್ತಿದ್ದುದೂ ಇದರಿಂದಲೇ. ಗುಡಿಸಲು ಬಾಗಿದಾಗ ಹಿಡಿಯ ತುದಿ ಅವಳ ಕಣ್ಣೆದುರೇ ಬಂತು. ಬಿಳಿ ಮರದ ಮೇಲೆ ಒಂದು ಅಂಗೈ ಅಗಲ ಕಪ್ಪಗಾಗಿತ್ತು. ಹನ್ನೆರಡು ವರ್ಷದ ಬೆವರು. ಹೆಬ್ಬೆರಳು ಊರಿದ ಕಡೆ ಮರ ಸಣ್ಣಗೆ ಸವೆದು ತಗ್ಗಾಗಿತ್ತು.

ಎಲ್ಲವನ್ನೂ ತೊಳೆದವಳಿಗೆ ಪೊರಕೆಯನ್ನು ತೊಳೆಯಬೇಕೆಂದು ಹೊಳೆದಿರಲಿಲ್ಲ. ಪೊರಕೆಯನ್ನು ಯಾರು ತೊಳೆಯುತ್ತಾರೆ?

ಹೆಬ್ಬೆರಳನ್ನು ಆ ತಗ್ಗಿನಲ್ಲಿಟ್ಟಳು. ಅವಳ ಬೆರಳಿಗೆ ಅದು ದೊಡ್ಡದಾಯಿತು. ಕೈ ಅಷ್ಟು ಮೇಲಿದ್ದರೆ ಸರಿಯಾಗಿ ಗುಡಿಸಲು ಬರುವುದಿಲ್ಲ, ತೋಳು ನೋಯುತ್ತದೆ. ಕೈಯನ್ನು ಕೆಳಗಿಳಿಸಲಿಲ್ಲ. ಚಕ್ರದ ಗುರುತು ಹೋಯಿತು, ನಾದಿನಿಯ ಹೆಜ್ಜೆ ಹೋಯಿತು, ತನ್ನದೂ ಹೋಯಿತು. ಹಿಂದುಹಿಂದಕ್ಕೆ ನಡೆದು ರಸ್ತೆಯ ಅಂಚು ಮುಟ್ಟಿದಳು.

"ಅತ್ತಿಗೆ, ಎಲ್ಲಾ ಆಯ್ತಲ್ಲ, ಬನ್ನಿ," ನಾದಿನಿ ಕೂಗಿದಳು.

"ಇನ್ನೊಂಚೂರಿದೆ ಕಣೇ," ಎಂದು ಅವಳು ಗುಡಿಸಿದ ನೆಲವನ್ನೇ ಮತ್ತೆ ಗುಡಿಸತೊಡಗಿದಳು.