ಹೂಂ ಅನ್ನದ ಕೋಣೆ

ತೊಣ್ಣೂರು ಕೆರೆಯ ನೀರುಣ್ಣುವ ಬಯಲಿನಲ್ಲಿ, ಹಿಪ್ಪುನೇರಳೆ ತೋಟದ ಅಂಚಿಗೆ ಪ್ರಮೀಳಾಳ ಹುಳುಮನೆ ಇತ್ತು. ರೇಷ್ಮೆಹುಳು ಸಾಕುವುದಕ್ಕೆಂದೇ ಅವಳ ಮಾವ ಚಿಕ್ಕಸ್ವಾಮಿ ಎದುರು ನಿಂತು ಕಟ್ಟಿಸಿದ ಉದ್ದನೆಯ ಹೆಂಚಿನ ಕೋಣೆ ಅದು. ಪೂರ್ವದ ಗೋಡೆಯಲ್ಲಿ ಒಂದು ದೀಪದ ಗೂಡು ಬಿಡಿಸಿದ್ದರು. ಮರಿಹುಳು ಬಂದ ದಿನ ಆ ಗೂಡಿನಲ್ಲಿ ಎಣ್ಣೆದೀಪ ಹಚ್ಚಿ ಕೈ ಮುಗಿಯದೆ ಪ್ರಮೀಳಾ ಒಂದು ಸೊಪ್ಪನ್ನೂ ಹಾಕಿದವಳಲ್ಲ.

ಒಂದು ಬೆಳೆ ಮುಗಿದು ಕೋಣೆ ಖಾಲಿ ಇದ್ದಾಗ ಅವಳ ಗಂಡ ಶಿವಶಂಕರ್ ಅದನ್ನು ತನಗೆ ಕೊಡೆಂದು ಕೇಳಿದ. ಪಾಂಡವಪುರದಲ್ಲಿ ಗುಮಾಸ್ತನಾಗಿದ್ದ ಅವನಿಗೆ ಹಾಡು ಕೇಳುವುದೊಂದೇ ಚಟ. ಚಿಕ್ಕಸ್ವಾಮಿ ಬದುಕಿದ್ದಾಗ ತೊಣ್ಣೂರು ಗುಡಿಯ ಕಲ್ಲುಮಂಟಪದಲ್ಲಿ ಶನಿವಾರದ ಭಜನೆಗೆ ಅವರೇ ಮುಂದಾಳು. ಅಲ್ಲೇ ಅವರ ದನಿ ತುಂಬಿಸಿದ ಒಂದೇ ಒಂದು ಕ್ಯಾಸೆಟ್ಟು ಮನೆಯಲ್ಲಿ ಉಳಿದಿತ್ತು. ಅಪ್ಪ ಮಂಟಪದಲ್ಲಿ ಹಾಡಿದ ಹಾಗೆಯೇ ಒಮ್ಮೆ ಕೇಳಬೇಕು ಎಂಬುದು ಮಗನ ಆಸೆ. ಅದು ಒಳ್ಳೆಯ ಆಸೆಯೇ. ಅದಕ್ಕೆ ಅವನು ಹಿಡಿದ ದಾರಿಯ ಹೆಸರು ತಿಮ್ಮರಾಜು.

ತಿಮ್ಮರಾಜು ಗಂಜಾಂನವನು. ನಿನ್ನೆಮೊನ್ನೆಯವರೆಗೆ ಮದುವೆ ಮನೆಗಳಿಗೆ ಶಾಮಿಯಾನ, ಮೈಕ್‌ಸೆಟ್ಟು ಕಟ್ಟುತ್ತಿದ್ದವನು ಮೊಬೈಲಿನಲ್ಲಿ ಏನೇನೋ ನೋಡಿ ಈಗ ಸೌಂಡ್ ಎಂಜಿನಿಯರ್ ಆಗಿದ್ದ. ಬಂದವನೇ ಕೋಣೆಯ ನಾಲ್ಕು ಮೂಲೆಗಳಲ್ಲೂ ನಿಂತು ಚಪ್ಪಾಳೆ ತಟ್ಟಿದ. ತಟ್ಟಿ ಕಣ್ಣು ಮುಚ್ಚಿ ತಲೆ ಅಲ್ಲಾಡಿಸಿದ. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಪ್ರಮೀಳಾಳಿಗೆ ರಾಗಿ ಹೊಲದಲ್ಲಿ ಗುಬ್ಬಿ ಓಡಿಸುವವರ ನೆನಪಾಯಿತು.

"ಗೋಡೆ ದನಿಯ ವಾಪಸ್ ಎಸೀತಾ ಅದೆ ಕಣಕ್ಕ. ಅದುನ್ನ ನಿಲ್ಲುಸ್ಬೇಕು. ಪ್ಯಾನಲ್ ಹಾಕ್ಬುಟ್ರೆ ಇಲ್ಲಿ ಸೂಜಿ ಬಿದ್ರೂ ಕೇಳ್ತದೆ."

"ನಮ್ಮಾವ ಇಷ್ಟುದ್ದ ಮನೆ ಕಟ್ಸಿದ್ದು ಸೂಜಿ ಬೀಳಾದ ಕೇಳಾಕಾ?" ಎಂದಳು ಪ್ರಮೀಳಾ.

ಮರುದಿನ ಆಟೋದಲ್ಲಿ ಪ್ಯಾನಲ್ಲುಗಳು ಬಂದವು. ಕಪ್ಪು ಸ್ಪಂಜಿನ ಚೌಕಗಳು, ಮೈತುಂಬ ಮೊನೆ ಮೊನೆ. ಮೊದಲು ಹತ್ತು ಅಂಟಿಸಿದರು. ಶಿವಶಂಕರ್ ಕ್ಯಾಸೆಟ್ಟು ಹಾಕಿದ. ಅಪ್ಪನ ದನಿ ಎಲ್ಲೋ ಸಿಕ್ಕಿಕೊಂಡಂತಿತ್ತು. ತಿಮ್ಮರಾಜು ಗಂಭೀರವಾಗಿ, ಇನ್ನು ಹತ್ತು ಬೇಕು ಎಂದ. ಹತ್ತು ಬಂದವು. ತಾಳ, ಕಂಜಿರದ ಗಿಲಿಗಿಲಿ ಮಾಯವಾಗಿ ಹಾರ್ಮೋನಿಯಮ್ಮಿನ ಬುರುಬುರು ಮಾತ್ರ ಕೇಳುವವರ ಹೊಟ್ಟೆಯೊಳಗೆ ಕೂತಿತು. ಹಾಗಾದರೆ ಸೂರಿಗೂ ಬೇಕು ಎಂದ. ಹೆಂಚಿನ ಕೆಳಗೆ ಹಲಗೆ ಕೊಟ್ಟು ಅದಕ್ಕೂ ಅಂಟಿಸಿದರು. ಬಾಗಿಲಿಗೆ ಎರಡು. ಕಡೆಗೆ, ದನಿ ಅಲ್ಲಿ ಸೋರಿಹೋಗುತ್ತಿದೆ ಎಂದು, ದೀಪದ ಗೂಡಿನ ಮೇಲೂ ಒಂದು ಚೌಕ ಬಿತ್ತು.

ಪ್ರತಿ ಸಲವೂ ಶಿವಶಂಕರ್ ಹೊರಗೆ ಬಂದು, "ಈಗ ಬತ್ತಾ ಅದೆ, ಪ್ಯೂರಾಗಿ ಬತ್ತಾ ಅದೆ" ಎನ್ನುತ್ತಿದ್ದ. ಹಾಗೆನ್ನುವಾಗ ಹೆಂಡತಿಯ ಮುಖ ನೋಡುತ್ತಿರಲಿಲ್ಲ.

"ನೋಡಿ, ಚಾಕಿ ಮನೇಲಿ ಮರಿಹುಳುಗೆ ಯೇಳ್ಬಂದಿವ್ನಿ," ಎಂದಳು ಪ್ರಮೀಳಾ. "ಇವತ್ತಿಗೆ ಹದಿನೈದನೇ ದಿನ ಮರಿ ಮನೆಗೆ ಬತ್ತವೆ. ಆ ಅಂಟಿನ ವಾಸ್ನೆಗೆ ಒಂದೂ ಉಳಿಯಾಕಿಲ್ಲ. ಕೆರೆದು, ಸುಣ್ಣ ಬಳುದು, ಗಾಳಿ ಆಡುಸ್ಬೇಕು. ನನ್ ಮನೆ ನಂಗೆ ಬುಟ್ಕೊಡಿ."

"ಹುಳುಗೆ ಕೊಟ್ಟಿಗೇಲಿ ಜಾಗ ಮಾಡ್ಕೊಡ್ತೀನಿ ಬುಡು."

"ಸರಿ. ಸ್ಪಂಜಿಗೆ ಹೆಂಚಿನ ಮನೆ, ಬಾಳು ಕೊಡೋ ಹುಳುಗೆ ಸಗಣಿ ಗಬ್ಬು!"

ಅಕ್ಕ ಎನ್ನುವುದನ್ನೂ ಮರೆತು ತಿಮ್ಮರಾಜು ನಡುವೆ ಬಾಯಿ ಹಾಕಿದ. "ಹುಳ ಎಲ್ಲಾದ್ರೂ ಮೇಯ್ತವೆ. ಇಂಥಾ ರೂಮು ನಮ್ಮ ತಾಲೂಕಲ್ಲಿ ಇನ್ನೊಂದಿಲ್ಲ."

ಪ್ರಮೀಳಾ ಅವನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದಳು. ಅವಳಿಗೆ ಕುಳ್ಳಮ್ಮನ ನೆನಪಾದದ್ದು ಆಗಲೇ.

ಕುಳ್ಳಮ್ಮ ಚಿಕ್ಕಸ್ವಾಮಿಯ ಅಕ್ಕ, ಈ ಮನೆಯ ಹಿರಿಯ ಜೀವ. ಎಂಬತ್ತು ದಾಟಿದರೂ ಕತೆ ಹೇಳಲು ಕೂತರೆ ಒಲೆಯ ಮೇಲಿನ ಅನ್ನ ಸೀದರೂ ಏಳುವವಳಲ್ಲ. ಅವಳು ಕತೆಯನ್ನು ನಡುವೆ ನಿಲ್ಲಿಸಿದ್ದನ್ನು ಊರಲ್ಲಿ ಯಾರೂ ಕಂಡಿರಲಿಲ್ಲ. ಅವಳದು ಒಂದೇ ಕಟ್ಟಳೆ. ಕೇಳುವವರು ಮಾತುಮಾತಿಗೂ ಹೂಂ ಎನ್ನಬೇಕು. ಹೂಂಗುಟ್ಟದ ಕಡೆ ಕತೆ ಹೇಳಿದರೆ ಕತೆಯೊಳಗಿನ ಜನ ದಾರಿ ತಪ್ಪುತ್ತಾರೆ ಎಂಬುದು ಅವಳ ನಂಬಿಕೆ.

"ಒಂದು ಮಾತಾಗೋಗ್ಲಿ," ಎಂದಳು ಪ್ರಮೀಳಾ. "ಅಷ್ಟು ಒಳ್ಳೆ ರೂಮಲ್ವಾ? ಭಾನುವಾರ ಕುಳ್ಳಮ್ಮತ್ತೆ ಇದ್ರೊಳೀಕೆ ಕೂತು ಒಂದು ಕತೆ ಯೇಳ್ಲಿ. ಕತೆ ಕೊನೆ ಮುಟ್ಟುದ್ರೆ ಮನೆ ನಿಮ್ದು. ಮಧ್ಯದಲ್ಲಿ ನಿಂತ್ರೆ ನನ್ ಹುಳುದು."

ತಿಮ್ಮರಾಜು ಹೊಟ್ಟೆ ಹಿಡಿದುಕೊಂಡು ನಕ್ಕ. "ಒಪ್ಕೊ ಕಣ್ಲಾ ಶಂಕ್ರ! ಆ ಅಜ್ಜಿ ಬಾಯಿ ಮುಚ್ಸಾಕೆ ಪೊಲೀಸ್ನೋರೇ ಬರ್ಬೇಕು."

ಶಿವಶಂಕರ್ ಒಪ್ಪಿದ.

ಭಾನುವಾರ ಬೆಳಗಿನ ಊಟವಾದ ಮೇಲೆ ಎಲ್ಲರೂ ಕೋಣೆಗೆ ಬಂದರು. ಪಕ್ಕದ ಮನೆಯ ಯಶೋದಮ್ಮನೂ ನೋಡುವ ಆಸೆಗೆ ಬಂದಳು. ಒಳಗೆ ಕಾಲಿಟ್ಟ ಕುಳ್ಳಮ್ಮ ಎಂದಿನಂತೆ ಪೂರ್ವಕ್ಕೆ ತಿರುಗಿ ಕೈ ಎತ್ತಿದಳು. ಎತ್ತಿದ ಕೈ ಹಾಗೇ ನಿಂತಿತು.

"ದೀಪದ ಗೂಡೆಲ್ಲೋಯ್ತು ಮಗ?"

"ಅದ್ರ ಮೇಲೆ ಪ್ಯಾನಲ್ ಹಾಕಿವ್ನಿ ಅಜ್ಜಿ," ಎಂದ ತಿಮ್ಮರಾಜು. "ದನಿ ಸೋರ್ತಿತ್ತು."

"ದೇವರಿಗೆ ಕೇಳ್ಲಿ ಅಂತ ಮಾಡಿದ್ ತೂತು ಕಣಪ್ಪ ಅದು," ಎಂದು ಕುಳ್ಳಮ್ಮ ಕರಿ ಚೌಕಕ್ಕೇ ಕೈ ಮುಗಿದು ಕೂತಳು.

ಕತೆ ಶುರುವಾಯಿತು. "ಒಂದೂರಲ್ಲಿ ಒಬ್ಬ ಕುರಿಯೋನು ಇದ್ನಂತೆ."

"ಹೂಂ," ಎಂದರು ಎಲ್ಲರೂ.

ಮುದುಕಿ ತಲೆ ಎತ್ತಿ ಸುತ್ತ ನೋಡಿದಳು. "ಅವನ್ತಾವ ಒಂದು ಕುಂಟು ಕುರಿ ಇತ್ತಂತೆ."

"ಹೂಂ."

"ಆ ಕುರಿ ದಿನಾ ಬೈಗಾಗೋ ವೊತ್ಗೆ..." ಕುಳ್ಳಮ್ಮ ಕಿವಿಗೆ ಕೈ ಕೊಟ್ಟಳು. "ಯಾಕ್ರಲಾ, ಹೂಂ ಅನ್ನಿ."

"ಅಂತಾನೇ ಇವ್ನಿ ಕಣತ್ತೆ!" ಶಿವಶಂಕರ್ ಗಟ್ಟಿಯಾಗಿ ಹೂಂಗುಟ್ಟಿದ. ಯಶೋದಮ್ಮ ಇನ್ನೂ ಗಟ್ಟಿಯಾಗಿ ಹೂಂಗುಟ್ಟಿದಳು. ತಿಮ್ಮರಾಜು ಮೈಕ್‌ಸೆಟ್ಟಿನವನ ಗಂಟಲಲ್ಲಿ ಹೂಂ ಹೂಂ ಎಂದು ಕೂಗಿದ. ಬಾಯಿಂದ ಹೊರಟ ಹೂಂಕಾರ ಒಂದು ಮಾರೂ ಹೋಗದೆ, ಮರಳಿಗೆ ಬಿದ್ದ ನೀರಿನ ಹಾಗೆ ಇಂಗಿಹೋಯಿತು.

ಕುಳ್ಳಮ್ಮ ಇನ್ನೆರಡು ಮಾತು ಹೇಳಿದಳು. ಆಮೇಲೆ ಸೆರಗಿನಿಂದ ಬಾಯಿ ಒರೆಸಿಕೊಂಡಳು.

"ನನ್ ಕೈಲಾಗಾಕಿಲ್ಲ ಕಣವ್ವ. ಕೌದಿ ಹೊದ್ಕೊಂಡು ಒಳಗೇ ಮಾತಾಡ್ದಂಗಾಯ್ತದೆ. ನನ್ ಕುರಿ ಎತ್ಲಾಗೋಯ್ತೋ ಕಾಣೆ. ನಾ ಯೇಳಾಕಿಲ್ಲ."

"ಅಜ್ಜಿಗೆ ಕಿವಿ ಮಂದ," ಎಂದ ತಿಮ್ಮರಾಜು.

"ಆಚೆ ಜಗುಲೀಲಿ ಕೂತ್ರೆ ನೀನು ಗೊಣಗೋದೂ ಕೇಳ್ತದಲ್ಲಪ್ಪ ಅವ್ರಿಗೆ!" ಎಂದಳು ಪ್ರಮೀಳಾ. "ಕಿವಿಗೂ ಸ್ಪಂಜು ಅಂಟುಸ್ಬೇಕು ಅಂತ್ಯಾ? ತಂದಿದ್ರೆ ಅಂಟ್ಸು, ಉಳ್ದಿರೋದು ಅದೊಂದೇ ಜಾಗ."

ಯಶೋದಮ್ಮ ಬಾಯಿಗೆ ಸೆರಗು ಅಡ್ಡ ಹಿಡಿದಳು. ತಿಮ್ಮರಾಜು, ಮೂಲೆಗೊಂದು ಸ್ಪೀಕರ್ ಪೆಟ್ಟಿಗೆ ಇಟ್ಟರೆ ಎಲ್ಲ ಸರಿಹೋಗುತ್ತದೆ, ನಾಳೆಯೇ ತರುತ್ತೇನೆ ಎಂದು ಶಿವಶಂಕರನತ್ತ ತಿರುಗಿದ. ಶಿವಶಂಕರ್ ನೆಲ ನೋಡುತ್ತಿದ್ದ.

"ಬ್ಯಾಡ ಬುಡ್ಲಾ," ಎಂದ ಅವನು. "ಅಪ್ಪನ ದನಿ ಇದ್ರೊಳಗೆ ಒಂದಿನಾನೂ ನಂಗೆ ಸಿಕ್ನಿಲ್ಲ. ಸಿಕ್ತು ಸಿಕ್ತು ಅಂತ ಸುಳ್ಳೇಳ್ಕಂಡು ತಿರುಗ್ತಿದ್ದೆ."

ಪ್ರಮೀಳಾ ನಾಲಿಗೆಯ ತುದಿಗೆ ಬಂದಿದ್ದ ಇನ್ನೊಂದು ಮಾತನ್ನು ನುಂಗಿಕೊಂಡಳು. ಗಂಡನನ್ನು ಆಡಿಕೊಳ್ಳಲು ಇನ್ನೂ ವರ್ಷಗಳಿವೆ, ಅವಸರವಿಲ್ಲ.

ಮಾರನೆಯ ದಿನದಿಂದ ಗೋಡೆ ಕೆರೆಯುವ ಕೆಲಸ. ಕರಿ ಚೌಕಗಳು ಗೋಡೆಯ ಗಾರೆಯನ್ನೂ ಕಿತ್ತುಕೊಂಡೇ ಬಂದವು. ಶಿವಶಂಕರ್ ತಾನೇ ನಿಂತು ಗಾರೆ ಮೆತ್ತಿದ, ಸುಣ್ಣ ಹೊಡೆದ. ಬಾಗಿಲು ಕಿಟಕಿ ತೆರೆದಿಟ್ಟು ಕೆರೆಯ ಗಾಳಿ ಆಡಿಸಿದರು. ವಾರ ಕಳೆದು ಅಂಟಿನ ವಾಸನೆ ಹೋದ ಮೇಲೆ ಪ್ರಮೀಳಾ ಅಟ್ಟದಿಂದ ಚಂದ್ರಿಕೆಗಳನ್ನು ಇಳಿಸಿ, ತೊಳೆದು ಒಣಗಿಸಿ, ಒಳಗೆ ತಂದು ಗೋಡೆಗೊರಗಿಸಿದಳು. ಹಣ್ಣಾದ ಹುಳು ಗೂಡು ಕಟ್ಟುವ ಬಿದಿರಿನ ತಟ್ಟೆಗಳು ಅವು, ಆಳೆತ್ತರ, ಮೈತುಂಬ ಸುತ್ತುಸುತ್ತಾಗಿ ನಿಲ್ಲಿಸಿದ ಬಿದಿರು ಪಟ್ಟಿ. ಗೋಡೆಯ ಗೂಡಿನಲ್ಲಿ ದೀಪ ಹಚ್ಚಿದಳು. ಖಾಲಿ ಸೊಪ್ಪಿನ ಬುಟ್ಟಿ ಎಳೆದಿಡುತ್ತಾ ಕೆಮ್ಮಿದಳು. ಕೆಮ್ಮು ಕೋಣೆಯಲ್ಲಿ ಮೆತ್ತಗೆ ಹರಡಿತು. ಬಡಿದು ಮರಳಲೂ ಇಲ್ಲ, ಸಾಯಲೂ ಇಲ್ಲ.

ಅವಳು ಇನ್ನೊಮ್ಮೆ, ಬೇಕೆಂದೇ ಕೆಮ್ಮಿದಳು. ಆಮೇಲೆ ಹೊರಗೆ ಬಂದು ಕೂಗಿದಳು.

"ರೀ, ಆ ಕ್ಯಾಸೆಟ್ ತಗಬನ್ನಿ. ಮರಿ ಬರಾಕೆ ಇನ್ನೆರಡು ದಿನ ಅದೆ. ಅಲ್ಲೀಗಂಟ ನಿಮ್ದು, ಆಮೇಲೆ ಈ ಕಡೆ ತಲೆ ಹಾಕ್ಕೂಡ್ದು."

ಶಿವಶಂಕರ್ ತನ್ನ ಟೇಪು, ಸ್ಪೀಕರ್ ಪೆಟ್ಟಿಗೆಗಳನ್ನು ಹೊತ್ತು ತಂದು ಚಂದ್ರಿಕೆಗಳ ನಡುವೆ ಇಟ್ಟ. ಕುಳ್ಳಮ್ಮನೂ ಬಂದಳು. ಅಷ್ಟರಲ್ಲಿ ಗಂಜಾಂನಿಂದ ಫೋನು. ಸೌಂಡು ಹೇಗಿದೆ ಎಂದು ತಿಮ್ಮರಾಜು ಕೇಳುತ್ತಿದ್ದ. ಫೋನನ್ನು ಪ್ರಮೀಳಾ ಕಸಿದುಕೊಂಡಳು.

"ಬಾಳ ಚೆನ್ನಾಗದೆ ಕಣಪ್ಪ. ನಿನ್ ಪ್ಯಾನಲ್ಲು ನಾಕು ಪೇರಿಸಿ ಅತ್ತೆಗೆ ಹಾಕ್ಕೊಟ್ಟಿವ್ನಿ. ಮಂಡಿನೋವ್ಗೆ ಕೂರಾಕೆ ಯೇಳಿ ಮಾಡ್ಸಿದಂಗವೆ."

ಕ್ಯಾಸೆಟ್ಟು ತಿರುಗಿತು. ಮೊದಲು ತಾಳದ ಗಿಲಿಗಿಲಿ. ಅದರ ಹಿಂದೆ ಚಿಕ್ಕಸ್ವಾಮಿಯ ದನಿ ಎದ್ದು, ಮಂಟಪದ ಕಲ್ಲಿಗೆ ತಾಗಿ, ಸುಣ್ಣದ ಗೋಡೆ ಹಿಡಿದು ಬಂದು ಬಿದಿರಿನ ಸುತ್ತುಗಳಲ್ಲಿ ಬಿಡಿಬಿಡಿಯಾಗಿ ಕೋಣೆ ತುಂಬಿತು. ಶಿವಶಂಕರ್ ಎರಡು ಕೈಯಲ್ಲೂ ಮೊಣಕಾಲು ಹಿಡಿದುಕೊಂಡು ಅಲುಗಾಡದೆ ಕೂತ. ಒಂದು ಸಾಲು ಮುಗಿಸಿ ಚಿಕ್ಕಸ್ವಾಮಿ ಉಸಿರು ತೆಗೆದುಕೊಳ್ಳಲು ನಿಂತರು.

ಸ್ಪಂಜಿನ ಮೇಲೆ ಕಣ್ಣು ಮುಚ್ಚಿ ಕೂತಿದ್ದ ಕುಳ್ಳಮ್ಮ ತಮ್ಮನಿಗೆ, "ಹೂಂ" ಎಂದಳು.