ಮನೆಮಂದಿಯ ನಗೆಪಾಟಲು

ಶಿವಶರಣ ಬಗ್ಗಿ ಒಂದು ಹಿಡಿ ಮಣ್ಣು ತೆಗೆದುಕೊಂಡನೋ ಇಲ್ಲವೋ, ಅಕ್ಕ ಸುನಂದಾ ಅವನ ಕೈಗೆ ಫಟ್ಟನೆ ಹೊಡೆದು ಚೆಲ್ಲಿಸಿದಳು. ಕಮಲಾಪುರದ ಹೊಲದಲ್ಲಿ, ಕೆಂಪು ಬಾಳೆಯ ಸಾಲಿನ ಪಕ್ಕ ತೋಡಿದ ಕುಣಿಯೊಳಗೆ ಅಪ್ಪ ನೀಲಕಂಠಪ್ಪನ ಹೆಣವನ್ನು ಕೂರಿಸಿದ್ದರು. ಕಲಬುರಗಿಯಿಂದ ಬಂದ ಮಂದಿ ಕತ್ತು ಚಾಚಿ ನೋಡಿದರು.

"ಅಪ್ಪನ ಸೊಟ್ಟ ಬಾಯಿ ಆಡಿ ತೋರ್ಸಿ ಊರೆಲ್ಲ ನಗಿಸ್ದಿ. ನೀ ಮಣ್ಣು ಕೊಡಬ್ಯಾಡ."

ತಪ್ಪೇನು ಹೇಳಿದಳು? ಲಕ್ವಾ ಹೊಡೆದ ಅಪ್ಪ ಚಹಾ ಕೇಳುವ ಪರಿಯನ್ನು ಈ ಭೂಪ ಟಿವಿಯ ರಾತ್ರಿ ಹಾಸ್ಯ ಕಾರ್ಯಕ್ರಮದಲ್ಲಿ ಆಡಿ ತೋರಿಸಿದ್ದ. ಅದು ಎಲ್ಲರ ಮೊಬೈಲಿಗೂ ಬಂತು. ಅಂದಿನಿಂದ ಅಪ್ಪ ಬಾಯಿಗೆ ಟವೆಲ್ ಅಡ್ಡ ಹಿಡಿಯದೆ ಮಾತಾಡಿದ್ದಿಲ್ಲ. ಇವತ್ತು ಬೆಳಿಗ್ಗೆ ಅದೇ ಟವೆಲನ್ನು ಸುನಂದಾ ಅವನ ಬಾಯಿಗೆ ಕಟ್ಟಿದ್ದಳು.

ಅಪ್ಪನ ಹಳೆಯ ಗೆಳೆಯ ದೇವೀಂದ್ರಪ್ಪ ನಡುವೆ ಬಂದ. "ಬಿಡವ್ವ ತಂಗಿ, ನಿಮ್ಮಪ್ಪನೂ ಟಿವಿಯಾಗ ನಗಿಸಿದಾವನೇ ಅಲ್ಲೇನು?"

*

ಆಗ ಕಲಬುರಗಿಯ ಬ್ರಹ್ಮಪುರದ ಆ ಓಣಿಗೆಲ್ಲ ಇವರದೊಂದೇ ಟಿವಿ. ಸಂಜೆಯ ನಗೆನಾಟಕದಲ್ಲಿ ನೀಲಕಂಠಪ್ಪ ಹೆಂಡತಿಯ ಕಾಟ ಸಹಿಸುವ ಗಂಡ. ಆ ಹೆಂಡತಿಗೆ ತನ್ನ ಹೆಂಡತಿಯ ಹೆಸರನ್ನೇ ಇಟ್ಟಿದ್ದ. ರೊಟ್ಟಿ ಕರಕಲು ಮಾಡುವ ಕಸ್ತೂರಿ, ಗಡಿಯಾರ ನೋಡಲು ಬಾರದ ಕಸ್ತೂರಿ. ಓಣಿಯ ಮಂದಿ ಟಿವಿ ನೋಡಿ ನಕ್ಕು, ಹಿಂದಕ್ಕೆ ತಿರುಗಿ, ಅಡುಗೆಮನೆಯ ಬಾಗಿಲಲ್ಲಿ ನಿಂತ ನಿಜವಾದ ಕಸ್ತೂರಿಬಾಯಿಯನ್ನು ನೋಡಿ ಇನ್ನಷ್ಟು ನಗುತ್ತಿದ್ದರು. ಹೊಟ್ಟೆ ಹಿಡಿದುಕೊಂಡು ನಕ್ಕವರಲ್ಲಿ ಲಂಗ ತೊಟ್ಟ ಸುನಂದಾಳೂ ಇದ್ದಳು. ಕಸ್ತೂರಿಬಾಯಿ ಎಲ್ಲರಿಗೂ ಚಹಾ ಕೊಡುತ್ತಿದ್ದಳು.

*

ಬೆಳಗಿನಿಂದ ಒಂದು ಹನಿ ಕಣ್ಣೀರು ಹಾಕದ ಕಸ್ತೂರಿಬಾಯಿ ಎದ್ದು ಬಂದಳು. ಅವ್ವ ತನ್ನ ಪರವಾಗಿ ಮಾತಾಡುತ್ತಾಳೆಂದು ಸುನಂದಾಳಿಗೆ ಧೈರ್ಯ ಬಂತು. ತಾನೇ ಮೊದಲು ಕೊಡುವೆನೆಂದು ಬೊಗಸೆ ತುಂಬ ಮಣ್ಣು ತೆಗೆದುಕೊಂಡಳು.

"ಇವ ಆಡಿ ತೋರ್ಸಿದ್ದು ನಾನೂ ನೋಡೀನಿ," ಅಂದಳು ಕಸ್ತೂರಿಬಾಯಿ.

"ನಿನ್ನ ಹೊಟ್ಟಿಗೆ ಬೆಂಕಿ ಬೀಳಲಿಲ್ಲೇನವ್ವ?"

"ನಕ್ಕೆ. ಬಾಯಾಗ ಸೆರಗು ತುರುಕ್ಕೊಂಡು ನಕ್ಕೆ. ಅವತ್ತು ಮಂದಿ ನನ್ನ ಬಿಟ್ಟು ನಿಮ್ಮಪ್ಪನ್ನ ನೋಡಿ ನಗಾಕತ್ತಿದ್ರು."

ಸುನಂದಾಳಿಗೆ ಮೈಯೆಲ್ಲ ಉರಿದುಹೋಯಿತು. ಗೆದ್ದೆನೆಂದು ಶಿವಶರಣ ತುಸು ತಲೆಯೆತ್ತಿದ. ಕಸ್ತೂರಿಬಾಯಿ ಅವನತ್ತ ತಿರುಗಿದಳು.

"ನಾಳೆ ನಂದೂ ಆಡಿ ತೋರ್ಸಾವನ ನೀ. ಅಪ್ಪನ ಮಗ. ತಗೋ."

ಸುನಂದಾಳ ಬೊಗಸೆಯಿಂದಲೇ ಮಣ್ಣು ಬಾಚಿ ಅವನ ಕೈಗೆ ಹಾಕಿ, ತನ್ನ ಕೈ ಕೊಡವಿಕೊಂಡು ಹೋಗಿ ಬಾಳೆಯ ನೆರಳಿಗೆ ಕೂತಳು. ಶಿವಶರಣ ಬಗ್ಗಿ ಕೈ ಸಡಿಲಿಸಿದ. ಮಣ್ಣು ಅಪ್ಪನ ಬಾಯಿಗೆ ಕಟ್ಟಿದ ಟವೆಲಿನ ಮೇಲೆ ಬಿತ್ತು. ಸುನಂದಾಳ ಖಾಲಿ ಬೊಗಸೆ ಹಾಗೆಯೇ ಮುಂದಕ್ಕೆ ಚಾಚಿಕೊಂಡಿತ್ತು.